ಫೈನ್ ಆರ್ಟ್ ಫೋಟೊಗ್ರಫಿ: ಮೊದಲ ಸರಣಿಯಿಂದ ಮೊದಲ ಪ್ರದರ್ಶನದ ತನಕ

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ: "ನನ್ನ ಫೋಟೊ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಫೈನ್ ಆರ್ಟ್ ಫೋಟೊಗ್ರಾಫರ್ ಆಗೋದು ಹೇಗೆ? ಯಾವ ಕ್ಯಾಮೆರಾ ತಗೊಳ್ಳಲಿ? ಇರೋ ಕೆಲಸ ಬಿಡಬೇಕಾ?" ಕೊನೆಯ ಎರಡು ಪ್ರಶ್ನೆಗೆ ಉತ್ತರ ಚಿಕ್ಕದು. ಈಗಿರುವ ಕ್ಯಾಮೆರಾ ಸಾಕು. ಕೆಲಸ ಬಿಡಬೇಡಿ. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ಉದ್ದದ ಉತ್ತರ ಬೇಕು. ಅದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಇದಕ್ಕೆ ಬೇಕಾಗುವುದು ಇಷ್ಟು: ರಾ ಫೈಲ್ ತೆಗೆಯುವ ಒಂದು ಕ್ಯಾಮೆರಾ, ಒಂದು ಲೆನ್ಸ್, ಎರಡು ಹಾರ್ಡ್ ಡಿಸ್ಕ್, ಮತ್ತು ಎರಡು ವರ್ಷ. ರಾ ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್. ಜೆಪೆಗ್‌ನಲ್ಲಿ ಕಳೆದುಹೋಗುವ ಬೆಳಕಿನ ವಿವರ ಇದರಲ್ಲಿ ಉಳಿದಿರುತ್ತದೆ. ಎರಡು ವರ್ಷ ಜಾಸ್ತಿ ಅನಿಸಬಹುದು. ನನ್ನ ಮಟ್ಟಿಗೆ ಅದು ಕಡಿಮೆಯೇ.

1. ಯಾವ ದಾರಿ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ

ಮದುವೆ ಫೋಟೊದಲ್ಲಿ ಏನು ಬೇಕು ಅಂತ ಮದುವೆ ಮನೆಯವರು ಹೇಳುತ್ತಾರೆ. ಪತ್ರಿಕೆ ಫೋಟೊದಲ್ಲಿ ಸುದ್ದಿ ಹೇಳುತ್ತದೆ. ಫೈನ್ ಆರ್ಟ್‌ನಲ್ಲಿ ಅದನ್ನು ಹೇಳಬೇಕಾದವರು ನೀವೇ. ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಇರಬೇಕು. ಅದರ ಬೆನ್ನು ಹತ್ತಿ ಮಾಡಿದ ಫೋಟೊಗಳು ಒಂದು ಸರಣಿಯಾಗಿ ಒಟ್ಟಿಗೆ ನಿಲ್ಲಬೇಕು.

ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ಕರ್ನಾಟಕದಲ್ಲಿ ಸಲಾನ್ ಪರಂಪರೆ ಗಟ್ಟಿಯಾಗಿದೆ. ಸಲಾನ್ ಅಂದರೆ ಫೋಟೊ ಕ್ಲಬ್‌ಗಳು ನಡೆಸುವ ಸ್ಪರ್ಧೆ ಮತ್ತು ಪ್ರದರ್ಶನ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಊರು ಇದು. ಬೆಳಕು, ಚೌಕಟ್ಟು, ಶಿಸ್ತು ಕಲಿಯಲು ಕ್ಲಬ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೆ ಸಲಾನ್ ತೀರ್ಪುಗಾರರು ಒಂದೊಂದು ಚಿತ್ರವನ್ನೂ ಬಿಡಿಯಾಗಿ, ಕೆಲವೇ ಸೆಕೆಂಡ್ ನೋಡಿ ಅಂಕ ಕೊಡುತ್ತಾರೆ. ಗ್ಯಾಲರಿಯವರು ಹದಿನೈದು ಚಿತ್ರ ಒಟ್ಟಿಗೆ ನೋಡಿ "ಇವರು ಏನು ಹುಡುಕುತ್ತಿದ್ದಾರೆ?" ಅಂತ ಕೇಳುತ್ತಾರೆ. ಮೆಡಲ್‌ಗಳ ಪಟ್ಟಿ ಹಿಡಿದು ಗ್ಯಾಲರಿಗೆ ಹೋದವರು ಬೇಜಾರಾಗಿ ವಾಪಸ್ ಬರುವುದಕ್ಕೆ ಕಾರಣ ಇದು. ಎರಡೂ ಬೇರೆ ಬೇರೆ ಆಟ. ಎರಡನ್ನೂ ಆಡಬಹುದು, ನಿಯಮ ಕಲಸಬೇಡಿ.

2. ಹೊಟ್ಟೆಪಾಡನ್ನು ಬೇರೆ ಇಡಿ

ಪ್ರಿಂಟ್ ಮಾರಿ ಮನೆ ನಡೆಸುವುದು ಮೊದಲ ಕೆಲವು ವರ್ಷ ಆಗುವ ಮಾತಲ್ಲ. ಮೇಷ್ಟ್ರಾಗಿ, ಬ್ಯಾಂಕಿನಲ್ಲಿ, ಮದುವೆ ಫೋಟೊ ತೆಗೆದು ದುಡಿಯುತ್ತಲೇ ಈ ಕೆಲಸ ಮಾಡುವುದು ಕೀಳಲ್ಲ. ಕಾಪ್ ಶಿವ ಅವರನ್ನು ನೋಡಿ. ಬೆಂಗಳೂರಿನಲ್ಲಿ ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಅವರು ಮೈಗೆ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿ ವೇಷದಲ್ಲಿ ಊರೂರು ತಿರುಗುವ ಒಬ್ಬ ಶಾಲಾ ಮೇಷ್ಟ್ರನ್ನು ಹಿಂಬಾಲಿಸಿ ಸರಣಿ ಮಾಡಿದರು. ಅವರಿಗೆ ಹೆಸರು ತಂದ ಕೆಲಸ ಅದು.

ಮಾಡಬೇಕಾದ್ದು ಇಷ್ಟು. ತಿಂಗಳಲ್ಲಿ ಎರಡು ದಿನ ಈ ಕೆಲಸಕ್ಕೇ ಅಂತ ಗುರುತು ಹಾಕಿ, ಮನೆಯವರಿಗೂ ಹೇಳಿ. ಒಂದು ಚಿಕ್ಕ ಮೊತ್ತವನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿ. ಅದು ಪ್ರಿಂಟಿಗೆ ಮತ್ತು ಓಡಾಟಕ್ಕೆ. ಹೊಸ ಲೆನ್ಸ್‌ಗೆ ಆ ದುಡ್ಡು ಮುಟ್ಟಬೇಡಿ.

3. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ವಿಷಯ ಹಿಡಿಯಿರಿ

ಲಡಾಖ್, ವಾರಾಣಸಿ ಅಂತ ಹೊರಡಬೇಡಿ. ಅಲ್ಲಿಗೆ ನೀವು ಹೋಗುವುದು ವರ್ಷಕ್ಕೊಮ್ಮೆ. ಸರಣಿ ಹುಟ್ಟುವುದು ಮತ್ತೆ ಮತ್ತೆ ಹೋಗುವುದರಿಂದ. ವಡೋದರಾದ ಜ್ಯೋತಿ ಭಟ್ ಮೂಲತಃ ಚಿತ್ರಕಾರರು, ಮುದ್ರಣ ಕಲಾವಿದರು. 1960ರ ದಶಕದ ಕೊನೆಯಲ್ಲಿ ಹಳ್ಳಿ ಮನೆಗಳ ಗೋಡೆ ಚಿತ್ತಾರ, ನೆಲದ ರಂಗೋಲಿಗಳ ಫೋಟೊ ತೆಗೆಯಲು ಶುರು ಮಾಡಿದವರು ದಶಕಗಳ ಕಾಲ ಬಿಡಲಿಲ್ಲ. ಗೌರಿ ಗಿಲ್ 1999ರಿಂದ ರಾಜಸ್ಥಾನದ ಅದೇ ಸಮುದಾಯಗಳ ನಡುವೆ ಓಡಾಡುತ್ತಾ ಬಂದಿದ್ದಾರೆ.

ದೂರ ಹೋಗದೆ, ತನ್ನ ಮೈಯನ್ನೇ ವಿಷಯ ಮಾಡಿಕೊಂಡವರೂ ಇದ್ದಾರೆ. ಬೆಂಗಳೂರಿನ ಪುಷ್ಪಮಾಲಾ ಎನ್. ಕಲಿತಿದ್ದು ಶಿಲ್ಪಕಲೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ, ದಕ್ಷಿಣ ಭಾರತದ ಹೆಣ್ಣನ್ನು ಕ್ಯಾಲೆಂಡರ್, ಸಿನಿಮಾ, ಹಳೆಯ ಸರ್ಕಾರಿ ದಾಖಲೆಗಳು ತೋರಿಸಿದ ಬಗೆಗಳನ್ನೆಲ್ಲ ತಾವೇ ವೇಷ ಹಾಕಿ ಮತ್ತೆ ನಿಲ್ಲಿಸಿದರು. ರವಿವರ್ಮನ ಲಕ್ಷ್ಮಿಯಾಗಿ ಅವರು ನಿಂತದ್ದನ್ನು ನೋಡಿದರೆ, ಫೋಟೊ ಅಂದರೆ ಎದುರಿಗೆ ಕಂಡದ್ದನ್ನು ಹಿಡಿಯುವುದು ಅನ್ನುವ ನಂಬಿಕೆಯೇ ಅಲುಗುತ್ತದೆ.

ವಿಷಯ ಸರಿಯಿದೆಯಾ ಅಂತ ನೋಡಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿಗೆ ಇಪ್ಪತ್ತು ಸಲ ಹೋಗಲು ಆಗುತ್ತದೆಯೇ? ಅಲ್ಲಿಯವರು ನಿಮ್ಮನ್ನು ಒಳಗೆ ಬಿಡುತ್ತಾರೆಯೇ? ಫೋಟೊ ತೆಗೆಯದಿದ್ದರೂ ನಿಮಗೆ ಅಲ್ಲಿ ಕೂತಿರಲು ಇಷ್ಟವೇ? ಮೂರನೆಯದಕ್ಕೆ ಹೌದು ಬಂದರೆ ಮಾತ್ರ ಶುರು ಮಾಡಿ.

ಮುಂದಿನ ಹಂತಗಳಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಮಂಗಳೂರು ಕಡೆಯ ಹಂಚಿನ ಕಾರ್ಖಾನೆಗಳು. ಆರ್‌ಸಿಸಿ ಮನೆ ಬಂದ ಮೇಲೆ ಅವು ಒಂದೊಂದಾಗಿ ಬಾಗಿಲು ಹಾಕಿವೆ. ನಾನು ಕೆಲವು ವರ್ಷಗಳಿಂದ ಓಡಾಡುತ್ತಿರುವುದೂ ಅಲ್ಲೇ.

4. ಹೋಗಿ, ಮತ್ತೆ ಹೋಗಿ

ಮೊದಲ ಎರಡು ಸಲ ಕ್ಯಾಮೆರಾ ಚೀಲದಲ್ಲೇ ಇರಲಿ. ಮೇಸ್ತ್ರಿಯ ಜೊತೆ ಚಾ ಕುಡಿಯಿರಿ. ಯಾವ ಹೊತ್ತಿಗೆ ಗೂಡು ಹೊತ್ತಿಸುತ್ತಾರೆ, ಯಾವ ಕಿಟಕಿಯಿಂದ ಬೆಳಕು ಬರುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ಒಂದೇ ಲೆನ್ಸ್‌ನಲ್ಲಿ ಕೆಲಸ ಮಾಡಿ. 35 ಅಥವಾ 50 ಮಿ.ಮೀ. ಸಾಕು. ಸರಣಿಯ ಚಿತ್ರಗಳಿಗೆ ಒಂದೇ ದನಿ ಬರಲು ಇದು ದೊಡ್ಡ ಸಹಾಯ.

ಅನುಮತಿ ಬಗ್ಗೆ ಮೂರು ಎಚ್ಚರಿಕೆ:

- ಮಾಲೀಕರಿಂದ ಒಂದು ಸಾಲಿನ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನ ಹೋಗುತ್ತದೆ.
- ಮುಖ ಗುರುತು ಸಿಗುವ ಹಾಗೆ ಫೋಟೊ ತೆಗೆದರೆ ಆ ವ್ಯಕ್ತಿಗೆ ಅವರ ಭಾಷೆಯಲ್ಲೇ ಹೇಳಿ: ಇದು ಗೋಡೆ ಮೇಲೆ ತೂಗಬಹುದು, ಮಾರಾಟವೂ ಆಗಬಹುದು. ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಮುಂದಿನ ಸಲ ಹೋಗುವಾಗ ಅವರಿಗೊಂದು ಪ್ರಿಂಟ್ ಕೊಡಿ. ಎಷ್ಟೋ ಜನ ಮಾತು ಕೊಟ್ಟು ಮರೆಯುತ್ತಾರೆ. ನಿಮ್ಮ ನಂತರ ಬರುವ ಫೋಟೊಗ್ರಾಫರ್‌ಗೆ ಅಲ್ಲಿ ಬಾಗಿಲು ಮುಚ್ಚುವುದು ಇದರಿಂದಲೇ.
- ಹಂಪಿ, ಬಾದಾಮಿ, ಹಳೇಬೀಡಿನಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಬೆಳಗಿನ ಜಾವ ಹೊತ್ತುಕೊಂಡು ಹೋಗಿ ಗೇಟಿನಲ್ಲಿ ವಾದ ಮಾಡಬೇಡಿ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಲೆನ್ಸ್ ಒಳಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಅದರ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಫೈಲ್‌ಗಳು ಎರಡು ಡಿಸ್ಕ್‌ನಲ್ಲಿರಲಿ. ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ.

5. ಗೋಡೆಗೆ ಅಂಟಿಸಿ ಆರಿಸಿ

ಫೋನಿನಲ್ಲಿ ಬೆರಳು ಸರಿಸುತ್ತಾ ಆರಿಸಲು ಆಗುವುದಿಲ್ಲ. ಆರು ತಿಂಗಳಿಗೊಮ್ಮೆ ನೂರು ಫೋಟೊಗಳನ್ನು ಹತ್ತಿರದ ಸ್ಟುಡಿಯೊದಲ್ಲಿ 4×6 ಇಂಚಿಗೆ ಪ್ರಿಂಟ್ ಹಾಕಿಸಿ. ಗೋಡೆಗೆ ಅಂಟಿಸಿ, ಎರಡು ವಾರ ಹಾಗೇ ಬಿಡಿ. ದಿನಾ ಓಡಾಡುವಾಗ ಕಣ್ಣಿಗೆ ಬೀಳಲಿ. ಬೇಗ ಸಪ್ಪೆಯಾದವು ತಾವಾಗಿಯೇ ಗೊತ್ತಾಗುತ್ತವೆ. ಅವನ್ನು ಕಿತ್ತುಬಿಡಿ.

ನೂರು ಇದ್ದದ್ದು ನಲವತ್ತಾಗಬೇಕು, ಕೊನೆಗೆ ಹದಿನೈದು. ಇಲ್ಲಿ ಕಷ್ಟವಾಗುವುದು ಒಳ್ಳೆಯ ಫೋಟೊ ತೆಗೆದುಹಾಕುವಾಗ. ಕಾರ್ಖಾನೆಯ ಹೊಗೆ ಕೊಳವೆಯ ಹಿಂದೆ ಸೂರ್ಯ ಮುಳುಗುವ ಚಿತ್ರ ಎಲ್ಲರಿಗೂ ಇಷ್ಟವಾಗುತ್ತದೆ. ಆದರೆ ನಿಮ್ಮ ಸರಣಿ ಒದ್ದೆ ಮಣ್ಣನ್ನು ಮುಟ್ಟುವ ಕೈಗಳ ಬಗ್ಗೆ ಇದ್ದರೆ, ಆ ಸೂರ್ಯಾಸ್ತ ಉಳಿದ ಹದಿನಾಲ್ಕನ್ನೂ ಪೋಸ್ಟ್ ಕಾರ್ಡ್ ಮಾಡಿಬಿಡುತ್ತದೆ. ತೆಗೆಯಿರಿ. ಪಕ್ಕ ಪಕ್ಕದ ಎರಡು ಚಿತ್ರ ಒಂದೇ ಮಾತು ಹೇಳುತ್ತಿದ್ದರೆ ಒಂದನ್ನು ತೆಗೆಯಿರಿ.

ಈ ಹಂತದಲ್ಲಿ ಇನ್ನೊಬ್ಬರ ಕಣ್ಣು ಬೇಕು. ಮನೆಯವರು, ಗೆಳೆಯರು ಹೊಗಳುತ್ತಾರೆ, ಅದು ಈಗ ಕೆಲಸಕ್ಕೆ ಬರುವುದಿಲ್ಲ. ಚಿತ್ರಕಲೆ ಓದಿದವರು, ನಾಟಕ ಮಾಡುವವರು, ಕತೆ ಬರೆಯುವವರು ಯಾರಾದರೂ ಸಿಕ್ಕರೆ ಕರೆದು ತೋರಿಸಿ. ಯಾವ ಚಿತ್ರದ ಮುಂದೆ ನಿಂತರು ಅಂತ ಸುಮ್ನೆ ಗಮನಿಸಿ. ವಿವರಣೆ ಕೊಡಬೇಡಿ.

6. ಪ್ರಿಂಟ್: ಇಲ್ಲಿ ಜಿಪುಣತನ ಬೇಡ

ಪರದೆಯ ಮೇಲಿರುವುದು ಇನ್ನೂ ಕಲಾಕೃತಿ ಆಗಿಲ್ಲ. ಕಾಗದದ ಮೇಲೆ ಇಳಿದದ್ದು ಕಲಾಕೃತಿ. ಹಾಗಾಗಿ ಈ ಹಂತದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಗ್ಯಾಲರಿಗಳು ಕೇಳುವುದು ಆರ್ಕೈವಲ್ ಪಿಗ್ಮೆಂಟ್ ಪ್ರಿಂಟ್. ಬೇಗ ಮಾಸದ ಪಿಗ್ಮೆಂಟ್ ಶಾಯಿಯಲ್ಲಿ, ಆಮ್ಲ ಇಲ್ಲದ ಕಾಗದದ ಮೇಲೆ ಇಂಕ್‌ಜೆಟ್ ಯಂತ್ರದಲ್ಲಿ ತೆಗೆದ ಪ್ರಿಂಟ್ ಅದು. ಆಲ್ಬಂ ಲ್ಯಾಬ್‌ನ ಹೊಳೆಯುವ ಪ್ರಿಂಟ್ ಬೇರೆ. ಕಾಗದದಲ್ಲಿ ಮುಖ್ಯವಾಗಿ ಎರಡು ಜಾತಿ. ಹತ್ತಿಯಿಂದ ಮಾಡಿದ ಮ್ಯಾಟ್ ಕಾಗದ ಮೃದುವಾಗಿ ಕಾಣುತ್ತದೆ, ಕಪ್ಪು ಸ್ವಲ್ಪ ತೆಳುವಾಗುತ್ತದೆ. ಹಾನೆಮ್ಯೂಲೆ ಕಂಪನಿಯ ಫೋಟೊ ರ‍್ಯಾಗ್ 308 ಇದಕ್ಕೆ ಎಲ್ಲರೂ ಹೆಸರಿಸುವ ಉದಾಹರಣೆ. ಆ 308 ಅಂದರೆ ಚದರ ಮೀಟರಿಗೆ 308 ಗ್ರಾಂ ತೂಕ. ಇನ್ನೊಂದು ಬರೈಟಾ: ತುಸು ಹೊಳಪು, ಆಳವಾದ ಕಪ್ಪು, ಹಳೆಯ ಡಾರ್ಕ್‌ರೂಮ್ ಪ್ರಿಂಟಿನ ನೆನಪು ತರುವಂಥದ್ದು. ಹಂಚಿನ ಮಣ್ಣು, ಧೂಳು, ಗೋಡೆಗೆ ನಾನು ಹತ್ತಿ ಕಾಗದವನ್ನೇ ಆರಿಸಿದೆ. ರಾತ್ರಿ ಚಿತ್ರಗಳಿದ್ದರೆ ಬರೈಟಾ ನೋಡಿ.

ಅಳತೆಯ ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಫೈಲ್‌ನಲ್ಲಿ 6000×4000 ಚುಕ್ಕೆ ಇರುತ್ತವೆ. ಇಂಚಿಗೆ 300 ಚುಕ್ಕೆಯಂತೆ ಭಾಗಿಸಿದರೆ 20×13 ಇಂಚಿನ ಪ್ರಿಂಟ್. 240ರಂತೆ ಆದರೆ 25×16 ಇಂಚು ದಾಟುತ್ತದೆ, ಅದೂ ಚೆನ್ನಾಗಿಯೇ ಬರುತ್ತದೆ. ಮೊದಲ ಸರಣಿಗೆ ಇದಕ್ಕಿಂತ ದೊಡ್ಡದು ಬೇಕಿಲ್ಲ. ದೊಡ್ಡದು ಮಾಡಿದರೆ ಕಲೆಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ಎಲ್ಲರಿಗೂ ಆಗುವ ತೊಂದರೆ: ಪ್ರಿಂಟ್ ಕಪ್ಪಗೆ ಬರುವುದು. ನನ್ನ ಮೊದಲ ಹನ್ನೆರಡು ಪ್ರಿಂಟ್ ಹಾಗೇ ಹಾಳಾದವು. ತಪ್ಪು ನನ್ನ ಮಾನಿಟರ್‌ನದ್ದು, ಅದರ ಬೆಳಕು ವಿಪರೀತ ಇತ್ತು. ಪರಿಹಾರ ಹೀಗಿದೆ:

- ಮಾನಿಟರ್ ಬೆಳಕು ಇಳಿಸಿ. ಸಾಧ್ಯವಾದರೆ ಕ್ಯಾಲಿಬ್ರೇಟರ್ ಹಾಕಿ ಬಣ್ಣ ಸರಿ ಮಾಡಿಕೊಳ್ಳಿ. ಪರದೆಯ ಬಣ್ಣ ಅಳೆದು ಸರಿಪಡಿಸುವ ಚಿಕ್ಕ ಸಾಧನ ಅದು. ಒಂದನ್ನು ನಾಲ್ಕು ಗೆಳೆಯರು ಸೇರಿ ಕೊಂಡರೂ ಆಗುತ್ತದೆ.
- ಲ್ಯಾಬ್‌ನಿಂದ ಆ ಕಾಗದದ ಐಸಿಸಿ ಪ್ರೊಫೈಲ್ ಕೇಳಿ. ಆ ಕಾಗದ ಮತ್ತು ಶಾಯಿಯಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಪರದೆಯ ಮೇಲೇ ಮುಂಚಿತವಾಗಿ ತೋರಿಸುವ ಫೈಲ್ ಅದು.
- ಫೋಟೊ ಫೈಲನ್ನು 16 ಬಿಟ್ ಟಿಫ್‌ನಲ್ಲಿ ಕೊಡಿ. ಬಣ್ಣದ ವಿವರ ಕಳೆಯದೆ ಉಳಿಸುವ ಫೈಲ್ ಬಗೆ ಅದು. "ಕರೆಕ್ಷನ್ ಬೇಡ" ಅಂತ ಬರೆದು ಕೊಡಿ. ಇಲ್ಲದಿದ್ದರೆ ಆಪರೇಟರ್ ಒಳ್ಳೆ ಮನಸ್ಸಿನಿಂದಲೇ ಬಣ್ಣ ಏರಿಸಿಬಿಡುತ್ತಾರೆ.
- ಪೂರ್ತಿ ಅಳತೆಗೆ ಹೋಗುವ ಮೊದಲು 8×10 ಇಂಚಿನ ಪರೀಕ್ಷಾ ಪ್ರಿಂಟ್ ತೆಗೆಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ತೀರ್ಮಾನ ಮಾಡಬೇಡಿ. ಹಗಲಲ್ಲಿ, ಕಿಟಕಿಯ ಹತ್ತಿರ ನೋಡಿ.

ಸುತ್ತ ಎರಡು ಇಂಚು ಬಿಳಿ ಅಂಚು ಬಿಡಿಸಿ. ಕೈಯಲ್ಲಿ ಹಿಡಿಯಲು, ಸಹಿ ಹಾಕಲು ಅದೇ ಜಾಗ.

7. ಕಟ್ಟು ಹಾಕಿಸುವುದು

ದೇವರ ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲೇ ಮಾಡಿಸಬಹುದು, ಆದರೆ ಪಕ್ಕದಲ್ಲಿ ನಿಂತು ಮಾಡಿಸಿ. ಪ್ರಿಂಟಿನ ಹಿಂದೆ ಆಮ್ಲರಹಿತ ಬೋರ್ಡ್ ಇರಲಿ, ಬರಿಯ ಹಾರ್ಡ್‌ಬೋರ್ಡ್ ಬೇಡ. ಗೋಂದು, ಸೆಲ್ಲೊ ಟೇಪ್ ಹತ್ತಿರ ಬರಬಾರದು. ಗಾಜು ಪ್ರಿಂಟಿಗೆ ತಾಗಲೇಬಾರದು. ನಡುವೆ ಮೌಂಟ್ ಬೋರ್ಡ್ ಅಥವಾ ತೆಳು ಪಟ್ಟಿ ಇರಬೇಕು. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಂಡರೆ ಬಿಡಿಸಲು ಆಗುವುದಿಲ್ಲ.

8. ಎಡಿಷನ್ ಮತ್ತು ಬೆಲೆ

ಎಡಿಷನ್ ಅಂದರೆ ಒಂದು ಚಿತ್ರದ ಎಷ್ಟು ಪ್ರಿಂಟ್ ಮಾತ್ರ ತೆಗೆಯುತ್ತೀರಿ ಅನ್ನುವ ಮಾತು. 5 ಅಥವಾ 10 ಸಾಮಾನ್ಯ. ಜೊತೆಗೆ ಒಂದೆರಡು ಕಲಾವಿದರ ಪ್ರತಿ, ಅಂದರೆ ಆ ಎಣಿಕೆಗೆ ಸೇರದೆ ನೀವೇ ಇಟ್ಟುಕೊಳ್ಳುವ ಪ್ರಿಂಟ್. ಪ್ರಿಂಟಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ 3/10 ಅಂತ ಬರೆದರೆ, ಹತ್ತರಲ್ಲಿ ಇದು ಮೂರನೆಯದು ಅಂತ ಅರ್ಥ. ಒಂದು ನೋಟ್ ಪುಸ್ತಕದಲ್ಲಿ ಯಾವ ನಂಬರ್ ಯಾರಿಗೆ, ಯಾವತ್ತು, ಎಷ್ಟಕ್ಕೆ ಹೋಯಿತು ಅಂತ ಬರೆದಿಡಿ. ಹತ್ತು ಅಂದಮೇಲೆ ಹನ್ನೊಂದನೆಯದು ತೆಗೆಯಬಾರದು. ಕೊಂಡವರು ಕೊಂಡದ್ದು ಈ ಮಾತಿನ ಮೇಲೆ.

ಬೆಲೆಯಲ್ಲಿ ಹೊಸಬರು ಹೇಗೆ ಮುಳುಗುತ್ತಾರೆ ನೋಡಿ. ಪ್ರಿಂಟಿಗೆ 3,000, ಕಟ್ಟಿಗೆ 4,000 ಆಯಿತು ಅಂದುಕೊಳ್ಳಿ. 12,000ಕ್ಕೆ ಮಾರಿದರೆ 5,000 ಉಳಿಯಿತು ಅನಿಸುತ್ತದೆ. ಆದರೆ ಗ್ಯಾಲರಿಗಳು ಸಾಮಾನ್ಯವಾಗಿ 40ರಿಂದ 50 ಪರ್ಸೆಂಟ್ ಕಮಿಷನ್ ತೆಗೆದುಕೊಳ್ಳುತ್ತವೆ. ಅರ್ಧ ಹೋದರೆ ನಿಮಗೆ ಬಂದದ್ದು 6,000, ಖರ್ಚು 7,000. ಕೈಯಿಂದಲೇ 1,000 ಹೋಯಿತು. ಹಾಗಾಗಿ ಕಮಿಷನ್ ಸೇರಿಸಿಯೇ ಬೆಲೆ ಕಟ್ಟಿ. ಮನೆಯಿಂದ ಮಾರಿದರೂ, ಗ್ಯಾಲರಿಯಲ್ಲಿ ಮಾರಿದರೂ ಅದೇ ಬೆಲೆ ಇರಲಿ. ಹಿಂಬಾಗಿಲಿನಿಂದ ಕಡಿಮೆಗೆ ಕೊಟ್ಟರೆ ಗ್ಯಾಲರಿಯವರು ಇನ್ನೊಮ್ಮೆ ಕರೆಯುವುದಿಲ್ಲ.

9. ಬರಹ: ಮೊದಲು ಕನ್ನಡದಲ್ಲಿ

ಸರಣಿಯ ಜೊತೆ ಒಂದು ಪುಟದ ಬರಹ ಕೇಳುತ್ತಾರೆ. ಇದಕ್ಕೆ ಹೆದರಿ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಯಾವುದೋ ಕ್ಯಾಟಲಾಗ್‌ನ ಭಾರವಾದ ಇಂಗ್ಲಿಷ್ ಎತ್ತಿಕೊಳ್ಳಬೇಡಿ. ನಿಮ್ಮ ಮಾತಿನಲ್ಲಿ ಕನ್ನಡದಲ್ಲಿ ಬರೆದು, ಬೇಕಾದರೆ ಆಮೇಲೆ ಅನುವಾದ ಮಾಡಿಸಿ.

ಮಾಹಿತಿಯನ್ನೇ ತುಂಬಿಸುವುದು ಇಲ್ಲಿಯ ಸಾಮಾನ್ಯ ತಪ್ಪು. "1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು" ಅನ್ನುವುದು ನಿಜ, ಆದರೆ ಯಾರು ಬೇಕಾದರೂ ಬರೆಯಬಹುದು. ನೀವು ಅಲ್ಲಿ ಕೂತು ನೋಡಿದ್ದನ್ನು ನೀವು ಮಾತ್ರ ಬರೆಯಬಹುದು. ಹಸಿ ಹಂಚಿನ ಮೇಲೆ ಉಳಿದ ಬೆರಳ ಗುರುತು ಸುಟ್ಟ ಮೇಲೂ ಹಾಗೇ ಉಳಿದು ಯಾರದೋ ಮನೆಯ ಮಾಡಿಗೆ ಹೋಗುತ್ತದೆ. ಈ ಒಂದು ವಾಕ್ಯದಿಂದ ಶುರು ಮಾಡಿ, ಇತಿಹಾಸಕ್ಕೆ ಒಂದು ಸಾಲು ಸಾಕು.

10. ಎಲ್ಲಿಗೆ ಕಳಿಸುವುದು

ಮೊದಲು ನೋಡಲು ಹೋಗಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಚಿತ್ರಕಲಾ ಪರಿಷತ್ತು. ಪ್ರಿಂಟಿನ ಹತ್ತಿರ ಹೋಗಿ ಕಾಗದ ನೋಡಿ, ಅಂಚು ನೋಡಿ, ಪಕ್ಕದ ಚೀಟಿಯಲ್ಲಿ ಏನು ಬರೆದಿದ್ದಾರೆ ಓದಿ. ಜನವರಿಯ ಚಿತ್ರಸಂತೆಯಲ್ಲಿ ಒಂದು ದಿನ ಓಡಾಡಿದರೆ ಜನ ಯಾವ ಬೆಲೆಗೆ ಕೈ ಜೇಬಿಗೆ ಹಾಕುತ್ತಾರೆ ಅಂತ ತಿಳಿಯುತ್ತದೆ.

ಹಣದ ನೆರವಿಗೆ ಎರಡು ಕಡೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೆ ಯೋಜನಾ ಧನಸಹಾಯ ಕೊಡುತ್ತದೆ. ಪುಷ್ಪಮಾಲಾ ಅವರ ಮೇಲೆ ಹೇಳಿದ ಕೆಲಸಕ್ಕೂ ಇದೇ ಸಂಸ್ಥೆಯ ನೆರವಿತ್ತು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ದಯವಿಟ್ಟು ಇದನ್ನು ಬಳಸಿಕೊಳ್ಳಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್, ಸೀನಿಯರ್ ಫೆಲೋಶಿಪ್‌ಗಳು ಎರಡು ವರ್ಷದವು. ಅರ್ಜಿ ಕರೆದಾಗ ವಯಸ್ಸಿನ ಮಿತಿ, ಕ್ಷೇತ್ರಗಳ ಪಟ್ಟಿ ಓದಿ ಹಾಕಿ. ಪ್ರದರ್ಶನಕ್ಕೆ, 2016ರಲ್ಲಿ ಶುರುವಾದ ಚೆನ್ನೈ ಫೋಟೊ ಬಿಯೆನಾಲೆಯ ಪ್ರಕಟಣೆಗಳ ಮೇಲೆ ಕಣ್ಣಿಡಿ. ಬಿಯೆನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಉತ್ಸವ.

ಎಚ್ಚರಿಕೆ: "ನಿಮ್ಮ ಕೆಲಸ ಆಯ್ಕೆಯಾಗಿದೆ, ಗೋಡೆಗೆ ಇಷ್ಟು ದುಡ್ಡು ಕಟ್ಟಿ" ಅನ್ನುವ ಮೇಲ್‌ಗಳು ಬರುತ್ತವೆ. ಅರ್ಜಿಯನ್ನೇ ಹಾಕದೆ ಆಯ್ಕೆ ಹೇಗಾಯಿತು ಅಲ್ವಾ? ಉತ್ತರಿಸಬೇಡಿ. ಗ್ಯಾಲರಿ ಜಾಗವನ್ನು ಬಾಡಿಗೆಗೆ ಹಿಡಿದು ನೀವೇ ಪ್ರದರ್ಶನ ಮಾಡುವುದು ಬೇರೆ ವಿಷಯ, ಅದರಲ್ಲಿ ತಪ್ಪಿಲ್ಲ. ನಿಮ್ಮೂರಿನ ಗ್ರಂಥಾಲಯ, ಶಾಲೆಯ ಹಾಲ್‌ನಿಂದ ಶುರು ಮಾಡಿದರೂ ಚೆನ್ನ.

11. ಹಕ್ಕಿನ ಕಾಗದ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವರೇ ಅದರ ಕರ್ತೃ. ನೋಂದಣಿ ಕಡ್ಡಾಯವಲ್ಲ. ಫೋಟೊ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಆದರೆ ಒಂದು ಬಲೆ ಇದೆ. ಬೇರೆಯವರು ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರಿಗೇ ಹೋಗುತ್ತದೆ. ಆ ಹಂಚಿನ ಕಾರ್ಖಾನೆಯವರು "ನಮ್ಮ ಕ್ಯಾಲೆಂಡರ್‌ಗೂ ಒಂದಷ್ಟು ತೆಗೆದುಕೊಡಿ" ಅಂದರೆ ಖುಷಿಯಿಂದ ಮಾಡಿ, ಆದರೆ ಹಕ್ಕು ಯಾರದು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಗ್ಯಾಲರಿಗೆ ಪ್ರಿಂಟ್ ಕೊಡುವಾಗಲೂ ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಿ. ಯಾವ ಚಿತ್ರ, ಎಷ್ಟನೇ ನಂಬರ್, ಬೆಲೆ ಎಷ್ಟು, ಮಾರಾಟವಾದ ಎಷ್ಟು ದಿನದಲ್ಲಿ ದುಡ್ಡು, ದಾರಿಯಲ್ಲಿ ಗಾಜು ಒಡೆದರೆ ಯಾರ ಹೊಣೆ, ಎಲ್ಲ ಅದರಲ್ಲಿರಲಿ. ಪ್ರದರ್ಶನ ಮುಗಿದು ಉಳಿದ ಪ್ರಿಂಟ್‌ಗಳು ವಾಪಸ್ ಬಂದ ದಿನವೇ ಕಟ್ಟು ಬಿಚ್ಚಿ ಒಂದೊಂದನ್ನೂ ನೋಡಿ. ಮಡಿಕೆ, ಕಲೆ ಕಂಡರೆ ಆಗಲೇ ಫೋಟೊ ತೆಗೆದು ತಿಳಿಸಿ. ಆಮೇಲೆ ಆಮ್ಲರಹಿತ ಹಾಳೆ ಮಧ್ಯೆ ಇಟ್ಟು, ಮಲಗಿಸಿ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ.